ಹಲಗೆ ಜಗಲಿಯ ಬೆಂಕಿ

ರಾಜಧಾನಿಯ ಜೊಂಗ್ನೊದಲ್ಲಿ ತಮ್ಮ ಕೆಲಸದ ಅಂಗಡಿಯಿದ್ದ ಹಳೆಯ ಕಟ್ಟಡವನ್ನು ಕೆಡವುವುದು ಖಚಿತವಾದ ಮೇಲೆ ನನ್ನ ಗಂಡನ ಅಕ್ಕ, ದಲ್ಲೇ ಎಂಬುವರು, ಸುತ್ತಿಗೆ, ಅಡೆಗಲ್ಲು, ಬೆಳ್ಳಿ ತಗಡುಗಳನ್ನೆಲ್ಲ ಕಟ್ಟಿಕೊಂಡು ಇಂಜೆಯ ನಮ್ಮ ಮನೆಗೆ ಬಂದರು. ಮದುವೆಗೆ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವ ಬೆಳ್ಳಿ ಚಮಚಗಳನ್ನು ಮಾಡುವುದು ಅವರ ಕಸುಬು. ಹಿಡಿಯ ತುದಿಗೆ ಅವರು ಬೆಸೆಯುವ ತಾವರೆ ಮೊಗ್ಗು ಎಷ್ಟು ಚಿಕ್ಕದೆಂದರೆ, ಕೆಳಗೆ ಬಿದ್ದರೆ ಅಕ್ಕಿಕಾಳಿನಂತೆ ಹುಡುಕಬೇಕು.

ಬೆಸುಗೆಗೆ ಬೆಂಕಿ ಬೇಕು. ಅವರು ಬರುವ ಮೊದಲೇ ನಾನು ಗಂಡನಿಗೆ ಹೇಳಿಬಿಟ್ಟಿದ್ದೆ: ಹಿಂದಿನ ಕೋಣೆ ಅಕ್ಕನಿಗೇ ಇರಲಿ, ಆದರೆ ಗ್ಯಾಸಿನ ವಿಷಯ ನನಗೆ ಸಮಾಧಾನವಾಗದಿದ್ದರೆ ಮನೆಯಲ್ಲಿ ಬೆಂಕಿಯ ಕೆಲಸ ಬೇಡ. ಬೇಡ ಅಂದರೆ ಅಕ್ಕನ ಕಸುಬು ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಿತ್ತು.

ಅವರು ಗಂಟು ಇಳಿಸುವ ಮೊದಲೇ ಹೇಳಿದರು: "ತಮ್ಮ ಎಲ್ಲಾ ಹೇಳ್ದ. ನಿಮ್ಮ ಅಪ್ಪಣೆ ಇಲ್ದೆ ಒಂದ್ ಕಡ್ಡಿನೂ ಗೀರಲ್ಲ, ಮಹಾರಾಣಿ."

"ತಮಾಷೆ ಅಲ್ಲ ಅಕ್ಕ. ನಂಗೆ ನಿಜವಾಗ್ಲೂ ಭಯ."

"ಭಯ ಇರ್ಲಿ. ಭಯ ಇಲ್ದೋರ ಜೊತೆ ನಾನು ಕೂತು ಕೆಲಸ ಮಾಡಲ್ಲ."

ಜೊಂಗ್ನೊದಲ್ಲಿ ಕೊಳವೆಯಲ್ಲೇ ಗ್ಯಾಸ್ ಬರುತ್ತಿತ್ತು. ನಮ್ಮ ಬೆಟ್ಟದ ಊರಿಗೆ ಕೊಳವೆ ಬಂದಿಲ್ಲ. ಪೇಟೆಯ ಅಂಗಡಿಯವನು ಅಸಿಟಿಲೀನ್ ಒಯ್ಯಿರಿ, ಉರಿ ಬಲವಾಗಿರುತ್ತದೆ ಅಂದನಂತೆ. ಅಕ್ಕ ನಕ್ಕು ಬಂದಿದ್ದರು.

"ನಾನೇನ್ ಹಡಗು ಕಟ್ತೀನಾ? ಅದರ ಬಿಸಿಗೆ ನನ್ನ ಮೊಗ್ಗು ಕರಗಿ ಹರಿದುಹೋಗತ್ತೆ. ಮಸಿ ಬೇರೆ. ಅದೂ ಅಲ್ದೆ, ಒಂಚೂರು ಸೋರಿದ್ರೂ ಕಿಡಿಗೋಸ್ಕರ ಕಾದು ಕೂತಿರೋ ಗ್ಯಾಸು ಅದು. ಮನೆ ಒಳಗೆ ಬೇಡ."

"ಪ್ರೊಪೇನ್?" ನಾನು ಕೇಳಿದೆ, ನಾನೇ ಉತ್ತರವನ್ನೂ ಹೇಳಿದೆ. "ಅದು ಗಾಳಿಗಿಂತ ಭಾರ. ಸೋರಿದ್ರೆ ನೆಲಕ್ಕಿಳಿದು ಅಲ್ಲೇ ಹರಡತ್ತೆ. ನಾವು ಇರೋದೇ ನೆಲದ ಮೇಲೆ. ಊಟ ನೆಲದ್ ಮೇಲೆ, ಅತ್ತೆ ಮಲಗೋದು ನೆಲದ್ ಮೇಲೆ."

ಅಕ್ಕ ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. "ಹೌದಲ್ವಾ! ಜೊಂಗ್ನೊದಲ್ಲಿ ಸ್ಟೂಲ್ ಮೇಲೆ ಕೂತು ಕೂತು ನಂಗೆ ನೆಲ ಮರೆತೇ ಹೋಗಿದೆ."

ಕೊನೆಗೆ ಬ್ಯೂಟೇನ್ ಡಬ್ಬಿ ಎಂದಾಯಿತು. ಅದೂ ಭಾರದ ಗ್ಯಾಸೇ. ಆದರೆ ಸೋರಿದರೆ ಒಂದು ಡಬ್ಬಿಯಷ್ಟು ಮಾತ್ರ. ಬರ್ನರನ್ನು ಅದರ ತಲೆಗೆ ತಿರುಗಿಸಿ ಒಂದೇ ಕೈಯಲ್ಲಿ ಹಿಡಿಯಬಹುದು. ನನ್ನದು ಒಂದೇ ಷರತ್ತು: ಕೆಲಸ ಇಲ್ಲದಾಗ ಡಬ್ಬಿಗಳು ಹೊರಗಿನ ಕೊಟ್ಟಿಗೆಯಲ್ಲಿ ಇರಬೇಕು. ಒಂದು ಜೊತೆ ಚಮಚ ಮುಗಿಯುವವರೆಗೆ ನೋಡೋಣ, ಆಮೇಲೆ ಹೇಳುತ್ತೇನೆ ಅಂದೆ.

ನನ್ನ ಷರತ್ತೇ ತೊಂದರೆ ತಂದಿತು. ಕೊಟ್ಟಿಗೆಯ ನೀರೆಲ್ಲ ಕಲ್ಲಾಗಿದ್ದ ಚಳಿಯಲ್ಲಿ ಬ್ಯೂಟೇನ್ ಆವಿಯಾಗುವುದಿಲ್ಲ. ಬೆಳಿಗ್ಗೆ ಬರ್ನರಿನಿಂದ ಹಳದಿ ನಾಲಿಗೆಯೊಂದು ಇಣುಕಿ ಸತ್ತುಹೋಗುತ್ತಿತ್ತು.

"ಚಳಿಗೆ ಉಸಿರೇ ಕಟ್ಟಿದೆ ಇದಕ್ಕೆ," ಎಂದು ಅಕ್ಕ ಡಬ್ಬಿಯನ್ನು ಅಲುಗಿಸಿ ಬೈಯುತ್ತಿದ್ದರು. "ಸೋಮಾರಿ ಮುಂಡೇದು."

ಅತ್ತೆ ಅದನ್ನು ಕೇಳಿಸಿಕೊಂಡಿದ್ದಾರೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಅಕ್ಕ ಪೇಟೆಗೆ ಹೋದವರು ಊಟದ ಹೊತ್ತಿಗೆ ಬರಲಿಲ್ಲ. ಅವರ ಅನ್ನ ಆರದಿರಲೆಂದು ಅತ್ತೆ ಎಂದಿನಂತೆ ಬಟ್ಟಲನ್ನು ಮುಚ್ಚಿ, ಅಡಿಯಲ್ಲಿ ಬಾಯ್ಲರಿನ ಬಿಸಿನೀರು ಹರಿಯುವ ನಮ್ಮ ನೆಲ ಅತಿ ಬಿಸಿಯಿರುವ ಮೂಲೆಯಲ್ಲಿ ಹಾಸಿಗೆಯ ಕೆಳಗೆ ಇಟ್ಟಿದ್ದರು. ಹೊರಗೆ ಅಕ್ಕನ ಹೆಜ್ಜೆ ಕೇಳಿ ನಾನು ಒಣಮೀನಿನ ಸಾರು ಬಿಸಿಗಿಟ್ಟು, ಬಟ್ಟಲು ತೆಗೆಯಲು ಹಾಸಿಗೆ ಎತ್ತಿದೆ. ಬಟ್ಟಲಿನ ಪಕ್ಕದಲ್ಲಿ ಎರಡು ಬ್ಯೂಟೇನ್ ಡಬ್ಬಿಗಳು ಮಕ್ಕಳಂತೆ ಮಲಗಿದ್ದವು. ಒಂದನ್ನು ಮುಟ್ಟಿದೆ. ಬಿಸಿಗೆ ಅಂಗೈ ನಿಲ್ಲಲಿಲ್ಲ.

ನನ್ನ ಗಂಟಲಿನಿಂದ ಬಂದದ್ದು ಮಾತೋ ಕಿರುಚಾಟವೋ ತಿಳಿಯದು. ಬಾಗಿಲಲ್ಲಿದ್ದ ಅಕ್ಕ ಒಂದು ನೋಟಕ್ಕೇ ಎಲ್ಲ ಅರ್ಥ ಮಾಡಿಕೊಂಡರು.

"ಒಲೆ ಆರಿಸು. ಬಾಯ್ಲರ್ ಆರಿಸು. ಅಮ್ಮನ್ನ ಅಂಗಳಕ್ಕೆ ಕರ್ಕೊಂಡು ಹೋಗು. ಓಡ್ಬೇಡ."

ಒದ್ದೆ ಬಟ್ಟೆಯಲ್ಲಿ ಎರಡನ್ನೂ ಸುತ್ತಿ, ಮಗುವನ್ನು ಎತ್ತಿದಂತೆ ಮೆಲ್ಲಗೆ ಎತ್ತಿ, ಹಿತ್ತಲಿನ ಗೋಡೆಯಾಚೆ ಹಿಮದ ಮೇಲೆ ನಿಲ್ಲಿಸಿ ಬಂದರು.

ಅತ್ತೆ ಅಂಗಳದಲ್ಲಿ ಗೊಂದಲಗೊಂಡು ನಿಂತಿದ್ದರು. "ಉಸಿರು ಕಟ್ಟಿದೆ ಅಂದ್ಯಲ್ಲೇ ದಲ್ಲೇ, ಬೆಚ್ಚಗಾಗ್ಲಿ ಅಂತ ಇಟ್ಟೆ. ಸಾರು ಕುದಿಸೋ ಸಣ್ಣ ಒಲೆಗೆ ಹಾಕೋದೂ ಇದೇ ಡಬ್ಬಿ ತಾನೇ?"

"ಇದೇ ಅಮ್ಮ," ಎಂದರು ಅಕ್ಕ. "ಆದ್ರೆ ನನ್ ಅನ್ನಕ್ಕೆ ಇಂಥ ಜೊತೆಗಾರ್ರು ಬೇಡ. ಕಾದು ಸಿಡಿದಿದ್ರೆ ಹಾಸಿಗೆ ಜೊತೆ ಸೂರೂ ಹಾರಿಹೋಗಿರೋದು." ಒಂದು ಗಡಸು ಮಾತಿಲ್ಲ.

ಒಳಗೆ ಬಂದಾಗ ಬೇಡ ಎಂಬ ಮಾತು ನನ್ನ ಬಾಯಿಯ ತುದಿಯಲ್ಲಿತ್ತು. ಅಕ್ಕ ಬರ್ನರನ್ನು ನನ್ನ ಮುಂದೆ ಇಟ್ಟರು.

"ನೀನು ಹೇಳೋಕೆ ಮುಂಚೆ ನಾನೇ ಹೇಳ್ತೀನಿ. ಈ ಕೋಣೇಲಿ ಬೇಡ, ಈ ಡಬ್ಬಿನೂ ಬೇಡ. ನನ್ ಕೈಗೆ ಯಾವ ಗ್ಯಾಸ್ ಒಗ್ಗತ್ತೆ ಅಂತಷ್ಟೇ ನೋಡ್ದೆ. ಅಮ್ಮನ ಕೈಗೆ ಯಾವ್ದು ಸಿಗ್ಬಾರ್ದು ಅಂತ ನೋಡ್ಲಿಲ್ಲ."

"ಹಾಗಾದ್ರೆ?"

"ಚಳಿಗೆ ಹೆದರದ್ದು ಬೇಕು, ಯಾರೂ ಕನಿಕರಪಟ್ಟು ಬೆಚ್ಚಗಿಡ್ಬಾರ್ದು. ಅಮ್ಮನಿಂದ ಎತ್ತೋಕಾಗ್ಬಾರ್ದು. ಪ್ರೊಪೇನೇ ಸರಿ. ಸಿಲಿಂಡರ್ ಹೊರಗಿನ ಗೋಡೆಗೆ ಸರಪಳೀಲಿ ಕಟ್ಟಿ ನಿಲ್ಲತ್ತೆ. ನಾನು ಹಲಗೆ ಜಗಲೀಲಿ ಕೂರ್ತೀನಿ."

"ಜಗಲೀಲಾ? ಅಲ್ಲಿ ನೆಲ ಬಿಸಿ ಇಲ್ಲ, ಮೂರು ಕಡೆ ಗಾಳಿ. ಬೆರಳು ಮರಗಟ್ಟತ್ತೆ ಅಕ್ಕ."

"ಹಲಗೆ ಸಂದಿ ನೋಡಿದ್ಯಾ? ಭಾರದ ಗ್ಯಾಸು ಸೋರಿದ್ರೆ ಸಂದೀಲಿ ಇಳಿದು, ಅಂಗಳದ ಇಳಿಜಾರಲ್ಲಿ ಹೊಳೆ ಕಡೆ ಹೋಗ್ಲಿ. ನಿಮ್ಮ ಹಾಸಿಗೆ ಕಡೆ ಬರೋದ್ ಬೇಡ."

ಇಡೀ ಚಳಿಗಾಲ ಬಿಸಿ ನೆಲವನ್ನು ಬಿಟ್ಟು ಕೂರುತ್ತೇನೆಂದು, ಮಾರುಕಟ್ಟೆಯಲ್ಲಿ ಮೂಲಂಗಿ ಬದಲಿಸಿದಷ್ಟು ಸಲೀಸಾಗಿ ಹೇಳಿದರು. ನಮ್ಮೂರಿನಲ್ಲಿ ಚಳಿಗಾಲ ಕಳೆದವರಿಗೆ ಮಾತ್ರ ಅದರ ಬೆಲೆ ಗೊತ್ತು. ಬೇಡ ಎಂಬ ಮಾತನ್ನು ನುಂಗಿಕೊಂಡೆ.

ಗ್ಯಾಸಿನವನು ಬಂದು ಸಿಲಿಂಡರ್, ರೆಗ್ಯುಲೇಟರ್, ಕೊಳವೆ ಜೋಡಿಸಿ ಹೋದ. ಗಾಳಿಗೆ ಉರಿ ಅಲುಗದಂತೆ ಅಕ್ಕ ಇಟ್ಟಿಗೆಯ ಮರೆ ಕಟ್ಟಿದರು. ನಾನು ಸೋಪಿನ ನೀರನ್ನು ಒಂದೊಂದು ಜೋಡಣೆಗೂ ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ನೋಡಿದೆ. ಬಾಯ್ಲರ್ ಉರಿಯುವ ಗುಂಡಿ, ಸೋರಿದ ಗ್ಯಾಸು ಇಳಿದು ತಲುಪದಂತೆ, ಮನೆಯ ಆಚೆ ಬದಿಯಲ್ಲಿ, ಎತ್ತರದಲ್ಲಿದೆಯೆಂದು ಹೋಗಿ ನೋಡಿ ಬಂದೆ. ಆಮೇಲೆ ಹಿಮದಲ್ಲಿ ಮಂಡಿಯೂರಿ ಜಗಲಿಯ ಅಡಿಯಲ್ಲಿ ತಲೆ ಹಾಕಿ ಮೂಸಿದೆ.

"ಸೊಸೆ ಏನು, ಬೆಕ್ಕು ಹುಡುಕ್ತಿದಾಳಾ?" ಕಿಟಕಿಯಿಂದ ಅತ್ತೆ ಕೇಳಿದರು.

"ನನ್ನ ಹಣೆಬರಹ ಹುಡುಕ್ತಿದಾಳಮ್ಮ. ಸುಮ್ನಿರು, ಕೆಡಿಸ್ಬೇಡ," ಎಂದರು ಅಕ್ಕ.

ಎದ್ದು ನೋಡಿದೆ. ಬೆರಳು ತೆರೆದ ಕೈಗವಸು ತೊಟ್ಟು, ಒಂದು ಕೈಯಲ್ಲಿ ಬರ್ನರ್, ಇನ್ನೊಂದರಲ್ಲಿ ಇಕ್ಕಳ ಹಿಡಿದು ಕೂತಿದ್ದರು. ಮೂಗಿನ ತುದಿ ಕೆಂಪಾಗಿತ್ತು. ಚಮಚದ ಹಿಡಿ, ಮೊಗ್ಗು, ಬೆಸುಗೆಯ ಚೂರು ಎಲ್ಲ ಅಣಿಯಾಗಿದ್ದವು. ಮೂವತ್ತು ವರ್ಷ ಬೆಂಕಿಯ ಜೊತೆ ಬಾಳಿದ ಕೈ ನನ್ನ ಮಾತಿಗಾಗಿ ಕಾಯುತ್ತಿತ್ತು, ಅವಸರವಿಲ್ಲದೆ, ಮುನಿಸಿಲ್ಲದೆ.

"ಹೇಳು ಯಂಗ್ರಾನ್. ಹೂಂ ಅಂತೀಯೋ, ಉಹೂಂ ಅಂತೀಯೋ?"

"ಹಚ್ಚಿ ಅಕ್ಕ."

ಉರಿ ಒಂದೇ ಉಸಿರಿಗೆ ನೀಲಿಯಾಗಿ, ನೆಟ್ಟಗೆ ನಿಂತಿತು. ಅಕ್ಕ ಅದನ್ನು ಬೆಳ್ಳಿಯ ಸುತ್ತ ನಿಧಾನಕ್ಕೆ ಆಡಿಸಿದರು. ಬೆಸುಗೆಯ ಚೂರು ಮೊದಲು ಮಂಕಾಗಿ ಕೂತಿತ್ತು. ಥಟ್ಟನೆ ಹೊಳೆದು ಮೊಗ್ಗಿನ ಬುಡದ ಸುತ್ತ ನೂಲಿನಂತೆ ಓಡಿತು. ನಾನು ಅಕ್ಕನ ಪಕ್ಕದಲ್ಲಿ, ತಣ್ಣನೆಯ ಹಲಗೆಯ ಮೇಲೆ, ಎರಡನೆಯ ಚಮಚವೂ ಮುಗಿಯುವವರೆಗೆ ಕೂತಿದ್ದೆ.