ಹೆಪ್ಪು ಹೋದ ಸೋಮವಾರ

ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಮಂಜುಳಮ್ಮನ ಮನೆಯನ್ನು ಯಾರೂ ನಂಬರು ಹೇಳಿ ಹುಡುಕುತ್ತಿರಲಿಲ್ಲ. ‘ಮೊಸರು ಕುಡಿಕೆ ಮನೆ’ ಎಂದರೆ ಸಾಕು, ಆಟೋದವರು ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದರು. ಹಿಂದೆ ಆಕೆಯ ಅತ್ತೆಯ ಕಡೆಯವರು ನರಸೀಪುರದ ಹತ್ತಿರದ ಹಳ್ಳಿಯಲ್ಲಿದ್ದಾಗ ಊರ ಜನ ಅವರನ್ನು ಮಾಟಗಾತಿಯರ ವಂಶ ಎನ್ನುತ್ತಿದ್ದರಂತೆ. ಅದನ್ನೂ ಅವರ ಎದುರಿಗಲ್ಲ, ಕೆರೆ ಏರಿಯ ಆಚೆ ನಿಂತು. ಭಯಪಡುವಂಥ ಮಾಟವೇನೂ ಅಲ್ಲ ಅದು. ಹಣೆಗೆ ವಿಭೂತಿ ಇಟ್ಟು, ಶಿವಪೂಜೆ ಮುಗಿಸಿ, ಶಿವನಿಗೆ ತಿಳಿಸಿಯೇ ಮಾಡುವ ಸಣ್ಣಪುಟ್ಟ ಕೆಲಸಗಳು. ಅತ್ತೆ ಒಮ್ಮೆ ಆಕಾಶದ ಕಡೆ ಗದರಿದರೆ ಸಂಡಿಗೆ ಒಣಗುವ ತನಕ ಮಳೆ ತಡೆಯುತ್ತಿತ್ತು. ಅತ್ತೆಯ ಮಗಳು ಚನ್ನಾಜಮ್ಮನವರಿಗೆ, ಬಾಗಿಲ ಆಚೆ ನಿಂತವರ ಮನಸ್ಸಿನಲ್ಲಿ ಏನಿದೆ ಎನ್ನುವುದು ಬಾಗಿಲು ತೆರೆಯುವ ಮೊದಲೇ ತಿಳಿಯುತ್ತಿತ್ತು. ಮೊಮ್ಮಗಳು ಧನುಶ್ರೀಯ ಪಾಲಿಗೆ ಬಂದದ್ದು ಇನ್ನೂ ಚಿಕ್ಕದು: ಎಂಥ ತುಂಬಿದ ಸಿಟಿ ಬಸ್ಸು ಹತ್ತಿದರೂ ಅವಳಿಗೊಂದು ಸೀಟು ಖಾಲಿಯಾಗುತ್ತಿತ್ತು.

ಸೊಸೆಯಾಗಿ ಬಂದ ಮಂಜುಳಮ್ಮನಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಆದರೂ ಅತ್ತೆ ಕಣ್ಣು ಮುಚ್ಚುವ ಮೊದಲು ಕುಡಿಕೆಯನ್ನು ಹೆತ್ತ ಮಗಳಿಗೆ ಕೊಡದೆ ಇವಳ ಮಡಿಲಿಗಿಟ್ಟಿದ್ದರು. ಆ ವಂಶದ ಅದೃಷ್ಟವೆಲ್ಲ ಇದ್ದದ್ದು ಆ ಮಣ್ಣಿನ ಕುಡಿಕೆಯ ಮೊಸರಿನಲ್ಲಿ. ದಿನವೂ ಒಂದು ಚಮಚ ಉಳಿಸಿ, ಅದನ್ನೇ ಹೆಪ್ಪಾಗಿ ಮಾರನೆಯ ಹಾಲಿಗೆ ಹಾಕಬೇಕು. ಏಳು ತಲೆಮಾರಿನಿಂದ ಆ ಹೆಪ್ಪು ಒಂದು ದಿನವೂ ತಪ್ಪಿರಲಿಲ್ಲ. ನಿಯಮ ಒಂದೇ. ಹಗಲಲ್ಲಿ ಯಾರಿಗೆ ಬೇಕಾದರೂ ಹೆಪ್ಪು ಕೊಡಬಹುದು, ಆಗ ಹೋಗುವುದು ಬರಿಯ ಮೊಸರು. ದೀಪ ಹಚ್ಚಿದ ಮೇಲೆ ಕೊಟ್ಟರೆ ಅದೃಷ್ಟವೂ ಅದರ ಹಿಂದೆಯೇ ಹೊರಟುಬಿಡುತ್ತದೆ. ದೀಪ ಹಚ್ಚಿದ ಮೇಲೆ ಹಾಲು ಮೊಸರನ್ನು ಯಾವ ಮನೆಯವರೂ ಹೊರಗೆ ಕೊಡುವುದಿಲ್ಲ. ಈ ಮನೆಯವರಿಗೆ ಮಾತ್ರ ಅದರ ಕಾರಣ ಗೊತ್ತಿತ್ತು.

ವರ್ಷಕ್ಕೊಮ್ಮೆ ಚನ್ನಾಜಮ್ಮ ಬನ್ನಿಮಂಟಪದಿಂದ ಬಂದು ಕುಡಿಕೆಯನ್ನು ಪರೀಕ್ಷಿಸುತ್ತಿದ್ದರು. ಒಂದು ಚಮಚ ಮೊಸರು ಬಾಯಿಗಿಟ್ಟು ಏಳು ಕವಡೆ ಬಿಡುವುದು. ಏಳೂ ಬಾಯಿ ಮೇಲಾಗಿ ಬಿದ್ದರೆ ಅದೃಷ್ಟ ನೆಟ್ಟಗಿದೆ ಎಂದರ್ಥ. ಇಪ್ಪತ್ತು ವರ್ಷವೂ ಏಳೂ ಬಿದ್ದಿದ್ದವು. ‘ಈ ಸಲ ಬಿತ್ತು. ಹೊರಗಿಂದ ಬಂದವಳ ಕೈ, ಇನ್ನೆಷ್ಟು ದಿನವೋ ನೋಡೋಣ’ ಎಂದು ಚನ್ನಾಜಮ್ಮ ಇಪ್ಪತ್ತು ವರ್ಷವೂ ಹೇಳಿ ಹೋಗಿದ್ದರು. ಒಮ್ಮೆ ತಪ್ಪಿ ಬಿದ್ದರೂ ಕುಡಿಕೆ ಅವರ ಮನೆಗೆ.

ಈ ಸಲ ಪರೀಕ್ಷೆ ಗುರುವಾರ ಸಂಜೆ ನಾಲ್ಕು ಗಂಟೆಗೆ. ಅದೃಷ್ಟ ಮನೆಯಲ್ಲಿಲ್ಲ ಎಂದು ತಿಳಿದದ್ದು ಮಂಗಳವಾರ.

ಅಂದು ಬೆಳಿಗ್ಗೆ ಹಾಲು ಮೂರು ಸಲ ಉಕ್ಕಿತು. ದೋಸೆ ಅರ್ಧ ಬೆಂದಿರುವಾಗ ಗ್ಯಾಸು ಮುಗಿಯಿತು. ಮಠಕ್ಕೆ ಹೋಗಿದ್ದ ಗಂಡ ಏಕಾಂತಯ್ಯನವರು ಕುಂಟುತ್ತ ಬಂದರು. ಎರಡು ಚಪ್ಪಲಿಯಲ್ಲಿ ಯಾರೋ ಎಡಗಾಲಿನದನ್ನು ಮಾತ್ರ ಕದ್ದಿದ್ದರು. ಸಂಜೆ ಕೆಲಸ ಮುಗಿಸಿ ಬಂದ ಮಗಳು ಧನುಶ್ರೀ ಬ್ಯಾಗನ್ನು ಸೋಫಾದ ಮೇಲೆ ಎಸೆದಳು.

“ಅಮ್ಮಾ, ಇವತ್ತು ನಿಂತ್ಕೊಂಡು ಬಂದೆ! ಹುಟ್ಟಿದಾಗಿಂದ ಇದೇ ಫಸ್ಟು. ಸಾಲ್ದು ಅಂತ ಯಾರೋ ಕಾಲ್ಮೇಲೆ ಈರುಳ್ಳಿ ಮೂಟೆ ಬೇರೆ ಇಟ್ಬುಟ್ರು.”

ಮಂಜುಳಮ್ಮ ಅಡುಗೆಮನೆಗೆ ಹೋಗಿ ಕುಡಿಕೆಯ ಮುಚ್ಚಳ ತೆಗೆದಳು. ಮೊಸರು ಗಟ್ಟಿಯಾಗಿತ್ತು, ಬೆಳ್ಳಗಿತ್ತು. ನಾಲಿಗೆಗೆ ಇಟ್ಟುಕೊಂಡಳು. ಮೊಸರೇ. ಆದರೆ ಅದರಲ್ಲಿ ಯಾರೂ ಇರಲಿಲ್ಲ, ಬಾಡಿಗೆಯವರು ಖಾಲಿ ಮಾಡಿ ಹೋದ ಮನೆಯ ಹಾಗೆ.

ಬುಧವಾರವೆಲ್ಲ ಆಕೆ ಕೂತಲ್ಲಿ ಕೂರಲಿಲ್ಲ. ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಗೇಟಿಗೆ. ‘ಶಿವನೇ, ಅವರು ನನ್ನನ್ನು ನಂಬಿ ಕೊಟ್ಟಿದ್ದರಲ್ಲ’ ಎಂದು ದೇವರ ಮುಂದೆ ಕೈಮುಗಿಯುವುದು, ಮುಗಿದ ಕೈ ಬಿಡಿಸುವ ಮೊದಲೇ ಮತ್ತೆ ಗೇಟಿಗೆ.

“ನೀನೇನಾದ್ರೂ ಕೊಟ್ಟೇನೇ ಯಾರಿಗಾದ್ರೂ, ಸಂಜೆ ಹೊತ್ತು?”

“ನನಗೆ ಹೆಪ್ಪು ಎಲ್ಲಿಡ್ತೀಯ ಅಂತಾನೇ ಗೊತ್ತಿಲ್ಲ ಕಣಮ್ಮ,” ಎಂದಳು ಧನುಶ್ರೀ. “ಸುಮ್ನೆ ಓಡಾಡ್ಬೇಡ. ಹೋಗಿರೋ ಅದೃಷ್ಟ ಎಲ್ಲೋ ಒಂದ್ಕಡೆ ಇರ್ಲೇಬೇಕಲ್ವಾ? ರಸ್ತೇಲಿ ಯಾರಿಗೆ ಸುಮ್ ಸುಮ್ನೆ ಒಳ್ಳೇದಾಗ್ತಿದೆ ಅಂತ ನೋಡು.”

ನೋಡುವುದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಎದುರಿಗೆ ಲಿಂಗಯ್ಯನ ಮೆಸ್ಸಿತ್ತು. ಟ್ಯುಟೋರಿಯಲ್ಲಿನ ಹುಡುಗರು ಬೇರೆ ದಾರಿ ಕಾಣದೆ ಉಣ್ಣುತ್ತಿದ್ದ ಜಾಗ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಸಾರು ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಈಗ ಅದರ ಬಾಗಿಲಲ್ಲಿ ಸಾಲು! ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೊರಟ ಪ್ರವಾಸಿಗರ ವ್ಯಾನೊಂದು ಮಂಗಳವಾರ ಮಧ್ಯಾಹ್ನ ಸರಿಯಾಗಿ ಅವನ ಬಾಗಿಲಲ್ಲಿ ಪಂಕ್ಚರ್ ಆಗಿ, ಇಪ್ಪತ್ತು ಜನ ಇಳಿದು ಊಟ ಮಾಡಿ ಫೋಟೋ ತೆಗೆದುಕೊಂಡು ಹೋಗಿದ್ದರು. ಬೆಳಿಗ್ಗೆ ಬುಕ್ ಮಾಡಿದ ಸಿಲಿಂಡರು ಮಧ್ಯಾಹ್ನಕ್ಕೇ ಬಂತು. ತಳ ಹತ್ತಿದ ಸಾಂಬಾರನ್ನು ತಿಂದವನೊಬ್ಬ, ಇದು ತನ್ನ ಅಜ್ಜಿಯ ಕೈರುಚಿ ಎಂದು ಕಣ್ಣೊರೆಸಿಕೊಂಡನಂತೆ.

ಸೋಮವಾರ ಸಂಜೆ ಲಿಂಗಯ್ಯ ಹಿತ್ತಲ ಬಾಗಿಲಿಗೆ ಬಂದದ್ದು ಮಂಜುಳಮ್ಮನಿಗೆ ನೆನಪಿತ್ತು. ‘ಬೆಕ್ಕು ಮೊಸರೆಲ್ಲ ಚೆಲ್ಬುಡ್ತು ಅಕ್ಕಾವ್ರೇ, ಒಂದು ಚಮಚ ಹೆಪ್ಪು’ ಎಂದಿದ್ದ. ಕೊಟ್ಟಿದ್ದಳು. ಆದರೆ ಆಗ ಐದೂವರೆ. ಮೋಡ ಕವಿದು ಆಕೆ ಹಗ್ಗದ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ದೀಪ ಹಚ್ಚುವುದು ಆರೂವರೆಗೆ. ಆಕೆ ಹಿತ್ತಲ ಕೆಲಸವೆಲ್ಲ ಮುಗಿಸಿ ದೇವರ ಮುಂದೆ ಬಂದಾಗ ದೀಪ ಉರಿಯುತ್ತಿತ್ತು, ಆರೂವರೆ ದಾಟಿತ್ತು. ಸೋಮವಾರದ ದೀಪ ಯಾವಾಗಲೂ ಏಕಾಂತಯ್ಯನವರದು.

ಬುಧವಾರ ಸಂಜೆ ದೀಪಕ್ಕೆ ಎಣ್ಣೆ ಹಾಕುತ್ತ ಆಕೆಯ ಕೈ ನಿಂತಿತು. ಆರೂವರೆಗೆ ಹಚ್ಚಿದ ದೀಪ ಹತ್ತರವರೆಗೆ ಉರಿಯುತ್ತದೆ. ಸೋಮವಾರ ಅದು ಎಂಟೂವರೆಗೇ, ಅವರಿನ್ನೂ ಊಟಕ್ಕೆ ಕೂತಿರುವಾಗಲೇ ಆರಿತ್ತು. ‘ಗಾಳಿಗೆ ಆರಿರಬೇಕು’ ಎಂದಿದ್ದರು ಯಜಮಾನರು. ಮಂಗಳವಾರ ಬೆಳಿಗ್ಗೆ ದೀಪ ತೊಳೆದಿಟ್ಟವಳು ಆಕೆಯೇ. ಗಾಳಿಗೆ ಆರಿದರೆ ಎಣ್ಣೆ ಉಳಿಯಬೇಕು. ಅಂದು ಹಣತೆ ಒಣಗಿತ್ತು, ಬತ್ತಿ ತುದಿಯವರೆಗೂ ಸುಟ್ಟು ಕರಕಾಗಿತ್ತು. ಪೂರ್ತಿ ಹೊತ್ತು ಉರಿದು ಮುಗಿದ ದೀಪ ಅದು.

“ಏನ್ರೀ, ಸೋಮವಾರ ದೀಪ ಎಷ್ಟೊತ್ತಿಗೆ ಹಚ್ಚಿದ್ರಿ?”

“ಹೊತ್ತಿಗೆ ಸರಿಯಾಗಿ ಹಚ್ಚಿದ್ನಲ್ಲ.”

“ಯಾವ ಹೊತ್ತಿಗೆ?”

“ಅದೇ... ಕತ್ತಲಾಗಿತ್ತು.”

“ಸಂಜೆ ಕತ್ತಲೋ, ಮೋಡದ ಕತ್ತಲೋ?”

ಏಕಾಂತಯ್ಯ ವಿಭೂತಿಗಟ್ಟಿಯನ್ನು ಒಮ್ಮೆ ಎತ್ತಿ ಒಮ್ಮೆ ಇಟ್ಟರು. “ಶಿವನಿಗೆ ಹೊತ್ತು ಅಂತ ಇದ್ಯೇನೇ ಮಂಜುಳಾ?”

“ಶಿವನಿಗಿಲ್ಲ. ಮೊಸರಿಗಿದೆ.”

ಆಮೇಲೆ ಎಲ್ಲವೂ ಹೊರಗೆ ಬಂತು. ಸೋಮವಾರ ಐದು ಗಂಟೆಗೆ ಲಿಂಗಯ್ಯ ಬೋಂಡಾ ಕರಿಯುತ್ತಾನೆ. ಸಕ್ಕರೆ ಕಾಯಿಲೆ ಬಂದಾಗಿನಿಂದ ಏಕಾಂತಯ್ಯನವರಿಗೆ ಬೋಂಡಾ ನಿಷೇಧ. ಆರೂವರೆಗೆ ದೀಪ ಹಚ್ಚಿ ಹೋದರೆ ಹುಡುಗರು ಒಂದನ್ನೂ ಬಿಟ್ಟಿರುವುದಿಲ್ಲ. ಮೋಡ ಕವಿದು ಒಳ್ಳೆಯ ನೆಪವೂ ಸಿಕ್ಕಿತ್ತು, ಐದಕ್ಕೇ ದೀಪ ಹಚ್ಚಿ ಮುಂಬಾಗಿಲಿಂದ ದಾಟಿದ್ದರು.

“ಹಂಗಾದ್ರೆ ಅವ್ನು ಇಲ್ಲಿ ಹೆಪ್ಪಿಗೆ ಬಂದಾಗ ನೀವು ಅಲ್ಲೇ ಇದ್ರಿ?”

“ಇದ್ದೆ ಕಣೇ. ‘ಒಂದ್ನಿಮಿಷ ಬಾಣಲೆ ನೋಡ್ಕೊಳ್ಳಿ ಸ್ವಾಮಿ’ ಅಂದ. ನೋಡ್ಕೊಂಡೆ.”

ಧನುಶ್ರೀ ಸೆರಗಿಲ್ಲದ್ದರಿಂದ ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಳು. ಮಂಜುಳಮ್ಮ ನಗಲಿಲ್ಲ. ಗಂಡ ದೀಪ ಹಚ್ಚಿದ್ದ, ಹೆಂಡತಿ ಹೆಪ್ಪು ಕೊಟ್ಟಿದ್ದಳು. ಕಳ್ಳನೆಂದು ಹಿಡಿಯಲು ಹೊರಗೆ ಯಾರೂ ಇರಲಿಲ್ಲ.

ಗುರುವಾರ ಹನ್ನೊಂದಕ್ಕೆ ಆಕೆ ಮೆಸ್ಸಿಗೆ ಹೋದಳು. ಹೋದ ದಾರಿಯಲ್ಲೇ ಅದೃಷ್ಟ ವಾಪಸು ಬರಬೇಕಾದರೆ, ಅವನು ದೀಪ ಹಚ್ಚಿರಬೇಕು, ಹಚ್ಚಿದ ಮೇಲೆ ಅವನ ಕೈಯಾರೆ ಹೆಪ್ಪು ಕೊಡಬೇಕು. ಪರೀಕ್ಷೆ ನಾಲ್ಕಕ್ಕೆ. ಹಗಲೇ ಒಂದು ದೀಪ ಹಚ್ಚಿಸಿದರೆ? ಒಳ್ಳೆಯದಾಗುತ್ತದೆ ಅಂದರೆ ಪಾಪ, ಹಚ್ಚಿಯೇ ಬಿಡುತ್ತಾನೆ.

“ಬನ್ನಿ ಅಕ್ಕಾವ್ರೇ!” ಲಿಂಗಯ್ಯ ಕೇಳದೆಯೇ ಬಟ್ಟಲಲ್ಲಿ ಮೊಸರು ತಂದಿಟ್ಟ. “ನಿಮ್ಗೊಂದು ಮಾತು ಹೇಳ್ಬೇಕು. ಈ ತಿಂಗ್ಳು ಮುಚ್ಚೋದೇ ಅಂತ ಬೋರ್ಡೂ ಇಳಿಸಿಟ್ಟಿದ್ದೆ. ನಿಮ್ಮ ಹೆಪ್ಪು ಬಂದಿದ್ದೇ ಬಂದಿದ್ದು, ಜನ ಎಲ್ಲಿಂದ ಬತ್ತಾರೋ ಗೊತ್ತಾಯ್ತಾ ಇಲ್ಲ. ನಮ್ಮನೆಯೋಳು ಹೋದ್ಮೇಲೆ ಹುಡುಗ್ರು ಇನ್ನೊಂದ್ಸಲ ಮೊಸರು ಕೇಳಿದ್ದು ಇದೇ ಮೊದ್ಲು.”

ಮಂಜುಳಮ್ಮ ಒಂದು ಚಮಚ ಬಾಯಿಗಿಟ್ಟಳು. ಅತ್ತೆಯ ಮೊಸರು. ಯಾವ ಅನುಮಾನವೂ ಇಲ್ಲ. ಪಕ್ಕದ ಮೇಜಿನಲ್ಲಿ ಒಂದು ಹುಡುಗಿ ತಟ್ಟೆಯನ್ನು ಬೆರಳಿನಿಂದ ಒರೆಸಿ ನೆಕ್ಕುತ್ತಿದ್ದಳು. ದೀಪದ ಮಾತು ಎತ್ತದೆಯೇ ಆಕೆ ಎದ್ದು ಬಂದುಬಿಟ್ಟಳು.

ನಾಲ್ಕಕ್ಕೆ ಸರಿಯಾಗಿ ಆಟೋ ನಿಂತಿತು. ಮಂಜುಳಮ್ಮ ಬಾಗಿಲ ಹಿಂದೆ ನಿಂತು ಚಿಲಕದ ಮೇಲೆ ಕೈಯಿಟ್ಟಿದ್ದಳು, ತೆಗೆದಿರಲಿಲ್ಲ.

“ತೆಗಿ ಮಂಜುಳಾ,” ಆಚೆಯಿಂದ ಚನ್ನಾಜಮ್ಮನವರ ದನಿ ಬಂತು. “ಸುಳ್ಳು ಹೇಳ್ಬೇಕೋ ಬೇಡ್ವೋ ಅಂತ ಅಲ್ಲಿ ನಿಂತ್ಕೊಂಡು ಯೋಚ್ನೆ ಮಾಡ್ಬೇಡ. ನಂಗೆ ಕಾಲು ನೋವು.”

ಎಲ್ಲವನ್ನೂ ಹೇಳಿದಳು. ಬೋಂಡಾದ ವಿಷಯ ಬಂದಾಗ ಚನ್ನಾಜಮ್ಮ ತಮ್ಮನನ್ನು ಒಮ್ಮೆ ನೋಡಿದರು. ಏಕಾಂತಯ್ಯ ಒಂಟಿ ಚಪ್ಪಲಿ ಹುಡುಕುವವರಂತೆ ಹೊರಗೆ ಹೋದರು. ಆದರೂ ಪರೀಕ್ಷೆ ಪರೀಕ್ಷೆಯೇ. ಚನ್ನಾಜಮ್ಮ ಮೊಸರು ಬಾಯಿಗಿಟ್ಟು ಕವಡೆ ಬಿಟ್ಟರು. ಆರು ಮಕಾಡೆ ಬಿದ್ದವು. ಏಳನೆಯದು ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು.

“ನಮ್ಮವ್ವಂಗೆ ಆಗ್ಲೇ ಹೇಳ್ದೆ,” ಎಂದರು ಚನ್ನಾಜಮ್ಮ. ಆದರೆ ಗೆದ್ದವರ ದನಿಯಲ್ಲ ಅದು. ಖಾಲಿ ಕೈ ಉಜ್ಜಿಕೊಂಡರು. “ಒಂದು ಕೆಲ್ಸ ಮಾಡು. ಸಂಜೆ ಅವ್ನು ದೀಪ ಹಚ್ತಾನಲ್ಲ, ಹಚ್ಚಿದ್ಮೇಲೆ ಹೆಪ್ಪು ಈಸ್ಕೊ. ಬಂದಂಗೇ ಬತ್ತದೆ. ಈಸ್ಕೊಂಡ್ರೆ ಕುಡಿಕೆ ನಿನ್ನದೇ, ಸಾಯೋಗಂಟ ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಇವತ್ತೇ ತಗೊಂಡೋಯ್ತೀನಿ.”

ಆರೂಕಾಲಿಗೆ ಇಬ್ಬರೂ ಮೆಸ್ಸಿನ ಒಳಗಿದ್ದರು. ಕುಡಿಕೆ ಮಂಜುಳಮ್ಮನ ಮಡಿಲಲ್ಲಿ. ಹುಡುಗರು ಬರುತ್ತಿದ್ದರು, ಕೈ ತೊಳೆಯುತ್ತಿದ್ದರು, ‘ಅಣ್ಣಾ, ಇವತ್ತೂ ಮೊಸರು ಇದ್ಯಾ?’ ಎನ್ನುತ್ತಿದ್ದರು. ಮಂಜುಳಮ್ಮ ಕೂರುವುದು, ಏಳುವುದು, ಸೆರಗು ಸರಿಮಾಡಿಕೊಳ್ಳುವುದು. ಇಪ್ಪತ್ತು ವರ್ಷ. ಒಂದು ಚಮಚ. ಈಸಿಕೊಂಡರೆ ನಾಳೆ ಇಲ್ಲಿ ಸಾರು ಮತ್ತೆ ಸಪ್ಪೆ, ಬೋರ್ಡು ಮತ್ತೆ ಕೆಳಗೆ. ಈಸಿಕೊಳ್ಳದಿದ್ದರೆ ಹೊರಗಿನವಳು ಹೊರಗಿನವಳೇ.

ಲಿಂಗಯ್ಯ ಕೈ ತೊಳೆದ. ಹೆಂಡತಿಯ ಫೋಟೋವನ್ನೂ ಪಕ್ಕದ ಮಾದೇಶ್ವರನ ಪಟವನ್ನೂ ಒರೆಸಿದ. ಬತ್ತಿ ಹೊಸೆದು ಎಣ್ಣೆಗದ್ದಿದ. ಬೆಂಕಿಪೊಟ್ಟಣ ಕೈಗೆತ್ತಿಕೊಂಡ.

“ಲಿಂಗಯ್ಯ,” ಮಂಜುಳಮ್ಮ ಎದ್ದಿದ್ದಳು. “ಹೆಪ್ಪು ಕೊಡಿ.”

“ದೀಪ ಹಚ್ಬುಟ್ಟು ಕೊಡ್ತೀನಿ ಅಕ್ಕಾವ್ರೇ, ಒಂದ್ನಿಮಿಷ.”

“ಬೇಡ. ಈಗ್ಲೇ ಕೊಡಿ. ಆಮೇಲೆ ಹಚ್ಚಿ.”

ಚನ್ನಾಜಮ್ಮ ಸೊಂಟ ನೆಟ್ಟಗೆ ಮಾಡಿಕೊಂಡರು. ಲಿಂಗಯ್ಯ ಪೊಟ್ಟಣ ಕೆಳಗಿಟ್ಟು ಒಂದು ಚಮಚ ತಂದು ಕುಡಿಕೆಗೆ ಹಾಕಿದ.

“ಇನ್ನು ಹಚ್ಚಿ. ಹಚ್ಚಿದ್ಮೇಲೆ ಯಾರು ಬಂದು ಕೇಳಿದ್ರೂ ಒಂದು ತೊಟ್ಟು ಕೊಡ್ಬೇಡಿ. ನಾನೇ ಬಂದು ಅತ್ರೂ ಕೊಡ್ಬೇಡಿ.” ಆಕೆ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಚನ್ನಾಜಮ್ಮನವರ ಕೈಗಿಟ್ಟಳು. “ತಗೊಳ್ಳಿ ಅತ್ತಿಗೆ. ಬರೀ ಮೊಸರು.”

ಚನ್ನಾಜಮ್ಮ ಕುಡಿಕೆಯೊಳಗೆ ನೋಡಿದರು, ಆಕೆಯ ಮುಖ ನೋಡಿದರು. “ನಮ್ಮವ್ವ ನಿನ್ನಲ್ಲಿ ಏನು ಕಂಡ್ಳೋ ಅಂತ ಇಪ್ಪತ್ತೊರ್ಸ ತಲೆ ಕೆಡಿಸ್ಕೊಂಡಿದೀನಿ. ಇವತ್ತೂ ಗೊತ್ತಾಗ್ಲಿಲ್ಲ ಬುಡು,” ಎಂದು ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರು. ಮೊದಲನೆಯ ಆಟೋದವನು ಬನ್ನಿಮಂಟಪಕ್ಕೆ ಬರುವುದಿಲ್ಲ ಎಂದ. ಎರಡನೆಯವನೂ ಹಾಗೇ ಎಂದ.

ಲಿಂಗಯ್ಯ ದೀಪ ಹಚ್ಚಿ ಕೈಮುಗಿದ. ಮಂಜುಳಮ್ಮನೂ ಮುಗಿದಳು. ಎದೆಯೊಳಗೆ ಏನೋ ಖಾಲಿಯಾಗಿತ್ತು, ಏನೆಂದು ನೋಡಲು ಹೊತ್ತು ಸಿಗಲಿಲ್ಲ. ಅವನು ಒಲೆಯ ಮೇಲಿಂದ ದೊಡ್ಡ ಪಾತ್ರೆ ಇಳಿಸಿ, ಹಬೆಯಾಡುವ ಹಾಲಿಗೆ ಹೆಪ್ಪಿನ ಚಮಚ ಬಗ್ಗಿಸುತ್ತಿದ್ದ.

“ಅಯ್ಯೋ, ಬುಡಿ ಬುಡಿ!” ಅವನ ಮುಂಗೈಯನ್ನೇ ಹಿಡಿದಳು. “ಕುದೀತಾ ಇದೆ ಕಣ್ರೀ, ಹೆಪ್ಪು ಸತ್ತೋಗುತ್ತೆ. ಮೂರು ದಿನ ಹೆಂಗೆ ಹಾಕಿದ್ರಿ?”

“ಸೋಮವಾರ ಮರ್ತೋಗಿ ತಡವಾಗಿ ಹಾಕ್ದೆ. ಮಂಗಳವಾರ ಕರೆಂಟ್ ಹೋಗಿ ಪಾತ್ರೇನೇ ಕಾಣ್ಲಿಲ್ಲ. ನಿನ್ನೆ ಯಾರೋ ಫೋನ್ ಮಾಡ್ಬುಟ್ರು.”

ಮೂರು ದಿನ ಅದೃಷ್ಟ ತನ್ನನ್ನು ತಾನೇ ಹೇಗೋ ಕಾಪಾಡಿಕೊಂಡಿತ್ತು. ನಾಲ್ಕನೆಯ ದಿನ ಅದಕ್ಕೂ ದಣಿವಾಗಿರಬೇಕು. ಮಂಜುಳಮ್ಮ ಚಮಚವನ್ನು ಅವನ ಕೈಯಿಂದ ತೆಗೆದುಕೊಂಡು, ಒಂದು ಸ್ಟೂಲು ಎಳೆದು ಪಾತ್ರೆಯ ಪಕ್ಕ ಕೂತಳು. ಕಿರುಬೆರಳನ್ನು ಹಾಲಿಗೆ ಅದ್ದಿ ತಟಕ್ಕನೆ ಎಳೆದುಕೊಂಡಳು.

“ಇನ್ನೂ ಆರ್ಬೇಕು,” ಎಂದಳು. “ನೀವು ಹುಡುಗ್ರಿಗೆ ಬಡಿಸಿ, ಹೋಗಿ. ನಾನು ನೋಡ್ಕೋತೀನಿ.”