ಮೂರು ಬೆರಳಿನ ಅಂತರ

ಟಿಕ್. ತುಸು ಹೊತ್ತು ಬಿಟ್ಟು ಇನ್ನೊಂದು ಟಿಕ್.

ಮನೆಯಲ್ಲಿ ದೀಪ ಆರಿಸಿ ಎರಡು ಗಂಟೆಯಾದರೂ ಕಳೆದಿತ್ತು. ಗಾಜಿನ ಸದ್ದು ಎಂದು ಅವಳ ಕಿವಿ ಹೇಳಿತು. ಹನ್ನೊಂದು ವರ್ಷದಿಂದ ದೊಡ್ಡ ಕಟ್ಟಡಗಳ ಗಾಜು ಒರೆಸಿಯೇ ಬದುಕುತ್ತಿದ್ದವಳ ಕಿವಿ ಆ ವಿಷಯದಲ್ಲಿ ತಪ್ಪುವುದಿಲ್ಲ. ಕಳ್ಳನೋ, ಇಲಿಯೋ, ಕಿಟಕಿಯ ತಿರುಪು ಸಡಿಲವಾಯಿತೋ ಎಂದು ಮೂರು ಬಗೆಯ ಗಾಬರಿಯನ್ನು ಒಟ್ಟಿಗೇ ಪಡುತ್ತ ಅಡುಗೆಮನೆಗೆ ಬಂದರೆ, ಮಗಳು ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಪೆನ್ಸಿಲು, ಅದರ ಹಿಂಬದಿಗೆ ಸೀಮೆಸುಣ್ಣ, ಗೋಂದು ಕಲಸಿದ ಬಿಳಿ ಲೇಪ. ಕಿಟಕಿಯ ಗಾಜಿನ ತುಂಬ ಚುಕ್ಕೆ.

"ಬೆಳಗ್ಗೆ ತಾನೇ ಒರೆಸಿದ್ದೆ ಕಣೇ ಈ ಗಾಜನ್ನ!"

"ಅದಕ್ಕೇ ಅಮ್ಮ. ನೀನು ಒರೆಸಿದ ಮೇಲೆ ಗಾಜು ಇದೆಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ನಮಗೇ ಗೊತ್ತಾಗಲ್ಲ ಅಂದ್ರೆ ಹಕ್ಕಿಗೆ ಹೇಗೆ ಗೊತ್ತಾಗುತ್ತೆ?"

ಇದೇ ಮಾತನ್ನು ಎಷ್ಟೋ ಜನ ಹೊಗಳಿಕೆಯಾಗಿ ಆಡಿದ್ದರು. ಹತ್ತು ವರ್ಷದ ಮಗಳ ಬಾಯಲ್ಲಿ ಅದು ಬೇರೆಯೇ ಆಗಿ ಕೇಳಿಸಿತು. ಮನೆಯಲ್ಲೂ ಶಾಲೆಯಲ್ಲೂ ಆ ಹುಡುಗಿಯನ್ನು ಎಲ್ಲರೂ ಮೆಣಸು ಎಂದು ಕರೆಯುವುದು ಸುಮ್ಮನೆ ಅಲ್ಲ.

ಮೆಣಸು ಸ್ಟೂಲಿನ ಮೇಲಿಂದಲೇ ವಿಷಯ ಬಿಚ್ಚಿದಳು. ಶಾಲೆಯ ಗ್ರಂಥಾಲಯಕ್ಕೆ ಮರಗಳ ಕಡೆ ಗೋಡೆಯಿಲ್ಲ, ಇಪ್ಪತ್ತು ಗಾಜುಗಳೇ ಗೋಡೆ, ಅವನ್ನು ಒರೆಸುವವಳು ಅಮ್ಮನೇ. ಅದರಲ್ಲಿ ಮರವೂ ಆಕಾಶವೂ ಕಾಣುತ್ತವೆ. ಹಕ್ಕಿಗಳು ಅದನ್ನು ಇನ್ನೊಂದು ತೋಪು ಅಂದುಕೊಂಡು ನುಗ್ಗಿ ಡಿಕ್ಕಿ ಹೊಡೆಯುತ್ತವೆ. ಎರಡು ತಿಂಗಳಲ್ಲಿ ಐದನೇ ತರಗತಿಯವರು ಒಂಬತ್ತು ಹಕ್ಕಿಗಳನ್ನು ಎತ್ತಿದ್ದಾರೆ. ಬದುಕಿ ಹಾರಿಹೋದದ್ದು ನಾಲ್ಕೇ. ಗಾಜಿನ ಹೊರಮೈಗೆ ಮೂರು ಬೆರಳಿನ ಅಂತರಕ್ಕೊಂದು ಚುಕ್ಕೆ ಇಟ್ಟರೆ ಹಕ್ಕಿ ನುಸುಳಲು ಜಾಗವಿಲ್ಲ ಅಂದುಕೊಂಡು ತಿರುಗಿಹೋಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ. ಗೋಡೆಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಮೂಗು ಮುರಿದು, ಕೊನೆಗೆ ಏಳು ದಿನ ಕೊಟ್ಟಿದ್ದಾರೆ. ಏಳೂ ದಿನ ಚುಕ್ಕೆ ಇದ್ದು ಒಂದೂ ಹಕ್ಕಿ ಬೀಳದಿದ್ದರೆ ಚುಕ್ಕೆ ಖಾಯಂ. ಒಂದು ಬಿದ್ದರೂ ಎಲ್ಲ ತೊಳೆಯಬೇಕು. ನಾಳೆಯಿಂದ ಚುಕ್ಕೆ ಇಡುವ ಕೆಲಸ, ಅದಕ್ಕೇ ಮನೆಯ ಗಾಜಿನ ಮೇಲೆ ಈ ಅಭ್ಯಾಸ.

"ಹಾಗಾದ್ರೆ ಅವು ಸತ್ತಿದ್ದು ನನ್ನಿಂದ ಅನ್ನು," ಎಂದಳು ಅವಳು. ತಮಾಷೆಗೆ ಹೊರಟ ಮಾತು ಅರ್ಧ ದಾರಿಯಲ್ಲೇ ಬಾಡಿತು.

ಮಗಳು ಕೆಳಗಿಳಿದು ಸೊಂಟ ತಬ್ಬಿಕೊಂಡಳು. "ನಿನ್ನಿಂದ ಅಲ್ಲಮ್ಮ, ನಿನ್ನ ಕೈಗುಣದಿಂದ."

ಮೂವತ್ತೈದು ಮಕ್ಕಳು ಎರಡು ದಿನ ಕೂತು, ನಿಂತು, ಏಣಿ ಹತ್ತಿ ಚುಕ್ಕೆ ಇಟ್ಟರು. ಅಲ್ಲಿಂದ ಮನೆಯಲ್ಲಿ ಊಟಕ್ಕೆ ಮೊದಲು ವರದಿ. ಮೊದಲ ದಿನ ಸೊನ್ನೆ. ಎರಡನೇ ದಿನ ಸೊನ್ನೆ, ಆದರೆ ಪಾರಿವಾಳವೊಂದು ಗಾಜಿನ ಹತ್ತಿರ ಬಂದು, ಬೈಸಿಕೊಂಡವರ ಹಾಗೆ ಹಿಂದಿರುಗಿತು. "ನಮ್ಮನೇಲಿ ಸೊನ್ನೆ ತಂದು ಹೊಗಳಿಸಿಕೊಂಡವಳು ನೀನೊಬ್ಬಳೇ," ಎಂದು ಅಪ್ಪ ನಕ್ಕ. ಐದನೇ ದಿನವೂ ಸೊನ್ನೆ.

ಆರನೇ ದಿನ ಶಾಲೆಯ ಗಾಜು ಒರೆಸುವ ಸರದಿ. ತಿಂಗಳಿಗೊಮ್ಮೆ, ಮಕ್ಕಳು ಬರುವ ಮೊದಲೇ ಮುಗಿಸಬೇಕಾದ ಕೆಲಸ. ಗ್ರಂಥಾಲಯದ ಗೋಡೆ ಮುಟ್ಟಬೇಡಿ ಎಂದು ಕಚೇರಿಯಿಂದ ಹೇಳಿ ಕಳಿಸಿದ್ದರು. ಹೇಳದಿದ್ದರೂ ಅವಳೇನು ಮುಟ್ಟುವವಳೇ?

ಕತ್ತಲಿರುವಾಗಲೇ ಹೊರಟಳು. ಗೇಟಿನಲ್ಲಿ ಕಾವಲುಗಾರ ತಾತ ಆಕಳಿಸುತ್ತ ಚಿಲಕ ತೆಗೆದ. ಬಕೆಟ್ಟಿಗೆ ನೀರು ತುಂಬುವಾಗ ತಲೆಗೆ ಹುಳ ಹೊಕ್ಕಿತು: ಗ್ಯಾಸ್ ಆಫ್ ಮಾಡಿದೆನೇ? ಹಾಲು ಕಾಯಿಸಿದ್ದು ನೆನಪಿದೆ, ಇಳಿಸಿದ್ದು ನೆನಪಿದೆ, ಒಲೆಯ ನಾಬ್ ತಿರುಗಿಸಿದ್ದು ನೆನಪಿಲ್ಲ. ಫೋನ್ ಮಾಡಿದರೆ ಗಂಡ ಎತ್ತಲಿಲ್ಲ. ಅವನ ನಿದ್ದೆಗೆ ಗ್ಯಾಸೂ ಒಂದೇ, ಭೂಕಂಪವೂ ಒಂದೇ. ಮನಸ್ಸು ಅಡುಗೆಮನೆಯಲ್ಲಿ ಸುತ್ತುತ್ತಿದ್ದರೆ, ಕೈ ತನ್ನ ಪಾಡಿಗೆ ಕೆಲಸ ಶುರುಮಾಡಿತು. ಹನ್ನೊಂದು ವರ್ಷದಿಂದ ಆ ಕೈ ಶಾಲೆಯಲ್ಲಿ ಮೊದಲು ಹಿಡಿಯುವುದು ಗ್ರಂಥಾಲಯದ ಗೋಡೆಯನ್ನೇ. ಸೋಪುನೀರು ಸವರಿತು, ವೈಪರ್ ಎಳೆಯಿತು, ಬಟ್ಟೆಯಲ್ಲಿ ಅಂಚು ಒರೆಸಿತು. ಒಂದು. ಎರಡು. ಮೂರು.

ಗಂಡ ವಾಪಸ್ ಫೋನ್ ಮಾಡಿದ. "ಆಫ್ ಆಗಿದೆ ಮಾರಾಯ್ತಿ. ಇನ್ನು ಮಲಗ್ಲಾ?"

ಹಗುರಾಗಿ ಬಕೆಟ್ ನೋಡಿದಳು. ನೀರು ಹಾಲಿನಷ್ಟು ಬೆಳ್ಳಗಿತ್ತು.

ತಲೆಯೆತ್ತಿದಳು. ಮೂರು ಗಾಜು ಫಳಫಳ ಹೊಳೆಯುತ್ತಿದ್ದವು. ಇನ್ನರ್ಧ ಗಂಟೆಗೆ ಬೆಳಕು ಹರಿಯುತ್ತದೆ. ಹಕ್ಕಿಗಳು ಮರ ಬಿಟ್ಟು ಹೊರಡುವ ಹೊತ್ತು.

"ತಾತಾ!"

ಕಾವಲುಗಾರ ಕೋಲು ಹಿಡಿದೇ ಓಡಿಬಂದ. ಗಾಜು ನೋಡಿದ, ಬಕೆಟ್ ನೋಡಿದ, ಅವಳ ಮುಖ ನೋಡಿದ. "ಬೇಲಿನೇ ಎದ್ದು ಹೊಲ ಮೇಯ್ತಲ್ಲಮ್ಮಾ."

"ಗಾದೆ ಆಮೇಲೆ ಹೇಳಿ. ಸೀಮೆಸುಣ್ಣ ಎಲ್ಲಿದೆ?"

ಬೀಗದ ಗೊಂಚಲು ತಾತನ ಸೊಂಟದಲ್ಲೇ ಇತ್ತು. ಒಂದು ಡಬ್ಬಿ ಸೀಮೆಸುಣ್ಣ, ಕರಕುಶಲದ ಕೋಣೆಯ ಗೋಂದು. ಮೆಟ್ಟಿಲ ಮೇಲೆ ಸುಣ್ಣ ಕುಟ್ಟಿ, ತಾತನ ಚಹದ ಲೋಟದಲ್ಲಿ ಕಲಸಿದರು. ಇಬ್ಬರಿಗೂ ಒಂದೊಂದು ಪೆನ್ಸಿಲು. ಅವಳು ಮೂರು ಬೆರಳು ಅಳೆದು ಇಡತೊಡಗಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ತಾತ ತಡೆದ.

"ನಿನ್ನ ಬೆರಳೇನು ಮಕ್ಕಳ ಬೆರಳಾ? ಪಕ್ಕದ ಗಾಜು ನೋಡು. ನಿನ್ನದರಲ್ಲಿ ಆನೆ ನುಸುಳುತ್ತೆ."

ನಿಜ. ಸಾಲು ಒರೆಸಿ, ಎರಡು ಬೆರಳಿಗೆ ಇಳಿಸಿ, ಮತ್ತೆ ಶುರು. ಮೂಡಣ ಬೂದಿ ಬಣ್ಣಕ್ಕೆ ತಿರುಗಿತು. ಎರಡು ಗಾಜು ಮುಗಿದು ಮೂರನೆಯದು ಅರ್ಧವಾದಾಗ ಮರದಲ್ಲಿ ಚಿಲಿಪಿಲಿ ಎದ್ದಿತು. ಹಸಿರು ಬೆನ್ನಿನ ಪುಟ್ಟ ಹಕ್ಕಿಯೊಂದು ಕೊಂಬೆ ಬಿಟ್ಟಿತು. ನೇರ ಆ ಬರಿಯ ಅರ್ಧದ ಕಡೆಗೇ.

ಅವಳು ಯೋಚಿಸಲಿಲ್ಲ. ಗಾಜಿಗೆ ಬೆನ್ನು ಕೊಟ್ಟು, ಒರೆಸುವ ಬಟ್ಟೆಯನ್ನು ತಲೆಯ ಮೇಲೆ ಬೀಸುತ್ತ, "ಹೋಯ್! ಹೋಯ್! ಮನೆಗೆ ಹೋಗು!" ಎಂದು ಕುಣಿದಳು. ಹಕ್ಕಿ ಅವಳ ಕಿವಿಯ ಪಕ್ಕದ ಗಾಳಿಯನ್ನು ಸೀಳಿ, ಮೇಲಕ್ಕೆ ತಿರುಗಿ, ಚಾವಣಿ ದಾಟಿ ಹೋಯಿತು. ರೆಕ್ಕೆಯ ಗಾಳಿ ಅವಳ ಕೆನ್ನೆಗೆ ತಾಗಿತ್ತು. ಇಷ್ಟು ಹತ್ತಿರದಿಂದ ಹಾರುವ ಹಕ್ಕಿಯನ್ನು ಅವಳು ಎಂದೂ ಕಂಡಿರಲಿಲ್ಲ.

"ಬೆದರುಬೊಂಬೆ ಕೆಲಸಾನೂ ಬರುತ್ತೆ ನಿನಗೆ," ಎಂದ ತಾತ, ಪೆನ್ಸಿಲು ನಿಲ್ಲಿಸದೆ. "ಹಾಗೇ ಕುಣೀತಿರು. ಉಳಿದದ್ದು ನಾನು ಮುಗಿಸ್ತೀನಿ."

ಅವಳು ಕುಣಿದಳು. ಮೊದಮೊದಲು ಭಯಕ್ಕೆ, ಆಮೇಲೆ ಯಾಕೋ ನಗು ಉಕ್ಕಿಬಂದು. ತಾತ ಕೊನೆಯ ಚುಕ್ಕೆ ಇಟ್ಟ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು.

ಏಳನೇ ದಿನ ಸಂಜೆ ಅವಳು ಮಗಳನ್ನು ಕರೆದೊಯ್ಯಲು ಹೋದಾಗ ಐದನೇ ತರಗತಿಯವರೆಲ್ಲ ಆ ಗೋಡೆಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡು ಗೋಡೆಯ ಬುಡವನ್ನು ಈ ತುದಿಯಿಂದ ಆ ತುದಿಗೆ ನೋಡಿ ಬಂದರು. ಅಲ್ಲಿ ಎಲೆಗಳಿದ್ದವು, ಹಕ್ಕಿಯಿರಲಿಲ್ಲ.

"ಏಳೂ ದಿನ ಚುಕ್ಕೆ ಇತ್ತು. ಒಂದೂ ಬಿದ್ದಿಲ್ಲ," ಎಂದರು. "ಇರಲಿ ನಿಮ್ಮ ಸಿಡುಬು."

ಮಕ್ಕಳ ಕೂಗಿಗೆ ಚಾವಣಿಯ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದವು.

ಮೆಣಸು ಓಡಿಬಂದು ಅಮ್ಮನ ಕೈ ಜಗ್ಗಿದಳು. "ಅಮ್ಮ, ಮಿಸ್ ಏನಂದ್ರು ಗೊತ್ತಾ? ಆ ತುದಿಯ ಮೂರು ಗಾಜಿನ ಚುಕ್ಕೆ ಎಲ್ಲಕ್ಕಿಂತ ನೇರ ಇದೆಯಂತೆ. ನಾನು ಇಟ್ಟಿದ್ದು, ನಾನು ಇಟ್ಟಿದ್ದು ಅಂತ ನಾಲ್ಕು ಜನ ಕಿತ್ತಾಡ್ತಿದ್ದಾರೆ. ಅದರಲ್ಲಿ ಒಬ್ಬ ಚುಕ್ಕೆ ಇಟ್ಟ ಎರಡೂ ದಿನ ಜ್ವರ ಅಂತ ಶಾಲೆಗೇ ಬಂದಿರಲಿಲ್ಲ!"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ಆರನೇ ದಿನದ ಆ ಮುಂಜಾವು ಲೆಕ್ಕಕ್ಕೆ ಬರುತ್ತದೆ. ಏಳೂ ದಿನ ಇತ್ತು ಎನ್ನುವ ಮಾತು ಸುಳ್ಳಾಗುತ್ತದೆ. ಈ ಕುಣಿತವೆಲ್ಲ ನಿಂತು ಮೊದಲಿನಿಂದ ಏಳು ದಿನ. ಅಷ್ಟು ಹೊತ್ತೂ ಆ ಗಾಜು ಕಾವಲಿಲ್ಲದೆ ಇರಲಿಲ್ಲ, ಚುಕ್ಕೆಯ ಬದಲಿಗೆ ತಾನಿದ್ದೆ ಎಂದರೆ ಯಾರು ಒಪ್ಪುತ್ತಾರೆ? ಗೇಟಿನ ಕಡೆ ನೋಡಿದಳು. ತಾತ ಬಹಳ ಶ್ರದ್ಧೆಯಿಂದ ಆಕಾಶ ನೋಡುತ್ತಿದ್ದ.

"ಯಾರಿಟ್ರೆ ಏನು ಬಿಡೇ, ಚೆನ್ನಾಗಿದೆ," ಎಂದು ಮಗಳ ಚೀಲ ಹೆಗಲಿಗೇರಿಸಿಕೊಂಡಳು. ಇವಳಿಗೆ ಹೇಳುವುದಿಲ್ಲ. ಬಾಯಲ್ಲಿ ಕಡಲೆಯೂ ನೆನೆಯದ ಗಂಡನಿಗಂತೂ ಇಲ್ಲವೇ ಇಲ್ಲ. ಯಾರಿಗೂ ಇಲ್ಲ.