ಕಾಲಿದ್ದ ಹೊಗೆ

ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಹತ್ತನೆಯ ಸಲ ಅದೇ ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದಳು ಯುವಶ್ರೀ. ಕಂಬಂ ಊರಿನ ಪಡುವಣ ಬೆಟ್ಟದಲ್ಲಿ ನಿನ್ನೆಯಿಂದ ಕಾಡು ಉರಿಯುತ್ತಿತ್ತು. ದೇವರಿಗೆ ಬಿಟ್ಟ ದನ ಮೇಯಿಸಲು ಹೋದ ಅವಳ ಅಪ್ಪ ಬಾಲಮುರುಗನ್ ಅಲ್ಲೇ ಇದ್ದ, ಫೋನಿಗೆ ಸಿಗುತ್ತಿರಲಿಲ್ಲ. ಉಪಗ್ರಹದ ಚಿತ್ರ ನೋಡಿ ಹೊಗೆ ಎತ್ತ ಸಾಗುತ್ತಿದೆಯೆಂದು ಅರಣ್ಯ ಇಲಾಖೆಗೆ ಹೇಳುವುದೇ ಅವಳ ಕೆಲಸ.

ಚಿತ್ರದಲ್ಲಿ ಬೆಟ್ಟ ನಿದ್ದೆಹೋದ ಹಾಗಿತ್ತು. ಸದ್ದಿಲ್ಲ, ಉರಿಯಿಲ್ಲ, ಎರಡು ಮಸುಕು ಗೀರು ಮಾತ್ರ, ಒಂದು ಉರಿಯುವ ಕಡೆ, ಇನ್ನೊಂದು ಬಡಗಣ ಕಣಿವೆಯಲ್ಲಿ. ಎರಡೂ ಹೊಗೆ ಎಂದಿತು ಚಿತ್ರ ಓದುವ ಯಂತ್ರ. ಅದರ ಮಾತು ಕೇಳಿ ಅವಳೂ ರೇಂಜರ್ ಜೆಯರಾಜ್‌ಗೆ ಹೇಳಿಬಿಟ್ಟಿದ್ದಳು: ಬಡಗಣ ಕಣಿವೆಗೂ ಬೆಂಕಿ ಬಿದ್ದಿದೆ, ದನದವರು ಹಳೇ ದಾರಿ ಹಿಡಿದು ತೆಂಕಣಕ್ಕೆ ಇಳಿದಿರಬೇಕು. ರೇಂಜರ್ ಬಳಿಯಿದ್ದ ಒಂದೇ ತಂಡ ಅವರನ್ನು ಹುಡುಕಿ ತೆಂಕಣಕ್ಕೆ ಹೊರಟಿತ್ತು.

ಪಕ್ಕದಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಮಾರಿಯಮ್ಮಾಳ್ ಕುತ್ತಿಗೆ ಚಾಚಿದಳು. ಬಡಗಣದ ಗೀರಿನ ಮೇಲೆ ಬೆರಳಿಟ್ಟಳು.

"ಇದು ಹೊಗೆ ಅಲ್ಲ, ಕಣ್ಣು. ದೂಳು."

"ಎಪ್ಪಡಿ ಅಪ್ಪತ್ತಾ, ಹೆಂಗೆ ಹೇಳ್ತೀ? ಶರಿಯಾ ನೋಡು."

"ನೋಡ್ದೆ. ಹೊಗೆ ಗಾಳಿ ಎಳ್ದ ಕಡೆ ಹೋಯ್ತದೆ. ಇದು ಬಂಡೆ ಬಂದ್ರೆ ಬಳಸ್ತದೆ, ಹಳ್ಳ ಬಂದ್ರೆ ಇಳೀತದೆ. ಇದಕ್ಕೆ ಕಾಲು ಅದೆ."

"ಅಲ್ಲಿ ದಾರಿಯೇ ಇಲ್ಲ. ಅಪ್ಪಾ ಯಾಕೆ ಅಲ್ಲಿಗೆ ಹೋಗ್ತಾರೆ?"

"ನಿಮ್ಮಪ್ಪ ಎಲ್ಲಿ ಹೋದ? ಪಟ್ಟದ ಕಾಳೆ ಹೋಯ್ತು, ಅವ ಹಿಂದೇ ಹೋದ."

ಪಟ್ಟದ ಕಾಳೆಯೆಂದರೆ ಪಟ್ಟ ಕಟ್ಟಿದ ಗೂಳಿ, ದೇವರ ಹಿಂಡಿನ ಅರಸ. ಅದು ತಿರುಗಿದತ್ತ ದನ, ದನದ ಹಿಂದೆ ಮನುಷ್ಯ. ಬೆಂಕಿ ಬಿದ್ದರೂ ಅದಕ್ಕೆ ಕೋಲೆತ್ತುವವರಿಲ್ಲ. ಯುವಶ್ರೀ ಹುಟ್ಟಿದಾಗಿನಿಂದ ಕೇಳಿದ ಮಾತು, ಚಿತ್ರದ ಮುಂದೆ ಕೂತಾಗ ಮರೆತೇಹೋಗಿತ್ತು. ಎಂಥ ಓದೋ ಏನೋ.

ರೇಂಜರಿಗೆ ಫೋನ್ ಮಾಡಿದಳು. "ಸಾರ್, ನಾನು ತಪ್ಪು ಹೇಳಿದೆ. ಬಡಗಣದ್ದು ದನದ ದೂಳು. ಅಪ್ಪಾ ಅಲ್ಲಿದ್ದಾರೆ."

"ಗ್ಯಾರಂಟಿಯೇನಮ್ಮಾ? ತಂಡಾನ ಮತ್ತೆ ತಿರುಗಿಸೋಕೆ ಹೊತ್ತಿಲ್ಲ."

ಅವಳು ಅಜ್ಜಿಯತ್ತ ನೋಡಿದಳು. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಸವರಿದ ಎಲೆಗೇ ಮತ್ತೆ ಸವರಿದಳು.

"ಗ್ಯಾರಂಟಿ ಸಾರ್."

ಹೊತ್ತಿಳಿಯುವಾಗ ಬೀದಿಯ ಕೊನೆಯಲ್ಲಿ ಗಂಟೆ ಕೇಳಿಸಿತು. ಮುಂದೆ ಪಟ್ಟದ ಗೂಳಿ, ಅದರ ಹಿಂದೆ ಹಿಂಡು, ಪೊದೆ ಕಡಿದು ಅವರನ್ನು ಇಳಿಸಿಕೊಂಡು ಬಂದ ತಂಡ, ಎಲ್ಲರಿಗಿಂತ ಹಿಂದೆ ಮುಂಗೂದಲು ಸುಟ್ಟ ಅಪ್ಪ. ಅಜ್ಜಿ ಮೊದಲು ಗೂಳಿಯ ಕಾಲಿಗೆ ಒಂದು ಕೊಡ ನೀರು ಹೊಯ್ದಳು. ಆಮೇಲೆ ಮಗನ ಮುಖ ಹಿಡಿದು ಅತ್ತಳು.

ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಬೆಟ್ಟದ ಚಿತ್ರದ ಮೇಲೆ ಕೆಂಪು ದೂಳು ತೆಳ್ಳಗೆ ಬಂದು ಕೂತಿತ್ತು. ಒರೆಸಲು ದುಪ್ಪಟ್ಟಾದ ತುದಿ ಹಿಡಿದ ಯುವಶ್ರೀ, ಹಾಗೆಯೇ ಬಿಟ್ಟಳು.